ಗ್ಯಾರಮಂಡ್ ಅಕ್ಷರಶೈಲಿ: ಪದೇ ಪದೇ ಕೇಳುವ ಪ್ರಶ್ನೆಗಳು

ಪುಸ್ತಕ ವಿನ್ಯಾಸ ಮಾಡುವವರು, ಪ್ರಕಾಶಕರು ಮತ್ತು ಮುದ್ರಣಕಲೆಯ ವಿದ್ಯಾರ್ಥಿಗಳು ಮಾತುಕತೆಯಲ್ಲೂ ಪತ್ರಗಳಲ್ಲೂ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದೆ. ಮೊದಲು ಪರಿಚಯದ ಪ್ರಶ್ನೆಗಳಿವೆ, ಸೂಕ್ಷ್ಮ ವಿಚಾರಗಳು ಕೊನೆಯಲ್ಲಿವೆ. ಯಾವ ಉತ್ತರವನ್ನಾದರೂ ಬಿಡಿಯಾಗಿ ಓದಿಕೊಳ್ಳಬಹುದು.

## ಮೊದಲ ಪರಿಚಯ

ಗ್ಯಾರಮಂಡ್ ಎನ್ನುವುದು ಫಾಂಟಿನ ಹೆಸರೋ, ಮನುಷ್ಯನ ಹೆಸರೋ?

ಎರಡೂ ಹೌದು. 16ನೇ ಶತಮಾನದ ಪ್ಯಾರಿಸ್ಸಿನಲ್ಲಿ ಅಚ್ಚುಮೊಳೆಗಳಿಗಾಗಿ ಅಕ್ಷರ ಕೊರೆಯುತ್ತಿದ್ದ ಕ್ಲೋದ್ ಗರಮೋಂ ಎಂಬವನ ಹೆಸರು ಅದು. ಅವನ ರೋಮನ್ (ನೇರವಾಗಿ ನಿಲ್ಲುವ ಲ್ಯಾಟಿನ್) ಅಕ್ಷರಗಳನ್ನು, ಕೆಲವೊಮ್ಮೆ ಅವನವೆಂದು ತಪ್ಪಾಗಿ ತಿಳಿದ ಅಕ್ಷರಗಳನ್ನು, ಮಾದರಿಯಾಗಿ ಇಟ್ಟುಕೊಂಡು 20ನೇ ಶತಮಾನದಿಂದ ಈಚೆಗೆ ರೂಪುಗೊಂಡ ಹಲವಾರು ಫಾಂಟುಗಳ ಹೆಸರೂ ಅದೇ ಆಗಿದೆ. ಹಾಗಾಗಿ ‘ಗ್ಯಾರಮಂಡ್ ಬಳಸಿ’ ಎಂದಷ್ಟೇ ಹೇಳಿದರೆ ಸೂಚನೆ ಅರ್ಧಕ್ಕೆ ನಿಲ್ಲುತ್ತದೆ. ಯಾವ ಗ್ಯಾರಮಂಡ್, ಯಾವ ಗಾತ್ರದಲ್ಲಿ ಎಂಬುದನ್ನೂ ಹೇಳಬೇಕಾಗುತ್ತದೆ. ಈ ಪುಟದಲ್ಲಿ ಮನುಷ್ಯನನ್ನು ಗರಮೋಂ ಎಂದೂ ಅಕ್ಷರಶೈಲಿಯನ್ನು ಗ್ಯಾರಮಂಡ್ ಎಂದೂ ಬರೆದಿದೆ.

ಸೆರಿಫ್ ಎಂದರೇನು? ಅದು ಬರೀ ಅಲಂಕಾರವೇ?

ಅಕ್ಷರದ ಗೆರೆ ಮುಗಿಯುವಲ್ಲಿ ಅಡ್ಡಲಾಗಿಯೋ ಓರೆಯಾಗಿಯೋ ಚಾಚಿಕೊಂಡಿರುವ ಚಿಕ್ಕ ತುದಿಯೇ ಸೆರಿಫ್. ರೋಮನ್ ಲಿಪಿಯ ದೊಡ್ಡಕ್ಷರಗಳಿಗೆ ಅದು ಪ್ರಾಚೀನ ರೋಮಿನ ಶಿಲಾಶಾಸನಗಳಿಂದ ಬಂದಿದ್ದರೆ, ಸಣ್ಣಕ್ಷರಗಳಿಗೆ ಅಗಲ ತುದಿಯ ಲೇಖನಿಯಿಂದ ಬಂದಿದೆ. ಗ್ಯಾರಮಂಡಿನಲ್ಲಿ ಈ ಎರಡು ಮೂಲಗಳನ್ನೂ ಕಣ್ಣಾರೆ ಕಾಣಬಹುದು: ಅಕ್ಷರದ ಬುಡದ ಸೆರಿಫ್ ಕಂಬದಿಂದ ಮೃದುವಾದ ಬಾಗಿನಲ್ಲಿ ಹೊರಟು ಹರಡಿಕೊಳ್ಳುತ್ತದೆ, ಸಣ್ಣಕ್ಷರದ ತಲೆಯ ಸೆರಿಫ್ ಲೇಖನಿ ಕಾಗದವನ್ನು ಮೊದಲು ಮುಟ್ಟಿದಂತೆ ಓರೆಯಾಗಿರುತ್ತದೆ.

ಸೆರಿಫ್ ಇದ್ದರೆ ಓದು ಸುಲಭವಾಗುತ್ತದೆ ಎಂಬ ಮಾತನ್ನು ಅನೇಕರು ನಿಯಮದಂತೆ ಹೇಳುತ್ತಾರೆ. ಅದು ಖಚಿತವಾಗಿ ಸಾಬೀತಾದ ಸಂಗತಿಯಲ್ಲ. ಓದುವ ಸುಖ ಅಕ್ಷರದ ಗಾತ್ರ, ಸಾಲುಗಳ ನಡುವಿನ ಅಂತರ, ಸಾಲಿನ ಉದ್ದ ಮತ್ತು ಓದುಗನಿಗೆ ಆಗಿರುವ ರೂಢಿಯನ್ನು ಹೆಚ್ಚಾಗಿ ಅವಲಂಬಿಸಿದೆ.

ಕ್ಲೋದ್ ಗರಮೋಂ ಯಾರು? ಅವನು ಮಾಡಿದ್ದಾದರೂ ಏನು?

ಅವನು ಹುಟ್ಟಿದ್ದು ಸುಮಾರು 1510ರಲ್ಲಿ, ತೀರಿಕೊಂಡದ್ದು 1561ರಲ್ಲಿ. ಅವನಿಗಿಂತ ಮುಂಚೆ, 1490ರ ದಶಕದಲ್ಲಿ, ವೆನಿಸ್ಸಿನ ಮುದ್ರಕ ಆಲ್ದಸ್ ಮನೂಷಿಯಸ್ಸನಿಗಾಗಿ ಫ್ರಾಂಚೆಸ್ಕೊ ಗ್ರಿಫೊ ಕೊರೆದ ರೋಮನ್ ಅಕ್ಷರ ಒಂದು ಹೊಸ ದಾರಿ ತೆರೆದಿತ್ತು. 1530ರ ಸುಮಾರಿಗೆ ಪ್ಯಾರಿಸ್ಸಿನ ಮುದ್ರಕರು, ಅವರಲ್ಲೂ ರಾಬೇರ್ ಎಸ್ತಿಯೆನ್, ಆ ಮಾದರಿಯನ್ನು ಮೆಚ್ಚಿ ತಮ್ಮ ಪುಸ್ತಕಗಳಿಗೆ ತಂದುಕೊಂಡರು. ಗರಮೋಂ ಬೆಳೆದದ್ದು ಈ ವಾತಾವರಣದಲ್ಲಿ.

1540ರಲ್ಲಿ ಫ್ರಾನ್ಸಿನ ದೊರೆ ಮೊದಲನೆಯ ಫ್ರಾನ್ಸ್ವಾನ ಪರವಾಗಿ ಅವನಿಗೆ ಗ್ರೀಕ್ ಅಕ್ಷರಗಳನ್ನು ಕೊರೆಯುವ ಕೆಲಸ ಒದಗಿತು. ಕ್ರೀಟಿನ ಲಿಪಿಕಾರ ಏಂಜೆಲೊ ವೆರ್ಗೇಚಿಯೊನ ಕೈಬರಹವನ್ನು ಅನುಸರಿಸಿ ಮೂರು ಗಾತ್ರಗಳಲ್ಲಿ ಸಿದ್ಧವಾದ ಈ ಅಕ್ಷರಗಳು ‘ರಾಜನ ಗ್ರೀಕ್’ ಎಂದು ಹೆಸರಾದವು. ಆದರೆ ಯುರೋಪಿನ ಪುಸ್ತಕದ ಮುಖವನ್ನು ಬದಲಿಸಿದ್ದು ಅವನ ರೋಮನ್ ಅಕ್ಷರಗಳು. ತಾನು ಕೊರೆದದ್ದನ್ನು ಒಂದೇ ಅಚ್ಚುಕೂಟಕ್ಕೆ ಸೀಮಿತಗೊಳಿಸದೆ ಅನೇಕ ಮುದ್ರಕರಿಗೆ ಒದಗಿಸಿದ್ದರಿಂದ, ಅವನ ಅಕ್ಷರಗಳು ಫ್ರಾನ್ಸನ್ನು ದಾಟಿ ಜರ್ಮನ್ ನಾಡುಗಳಿಗೂ ಆಂಟ್ವರ್ಪಿಗೂ ಹರಡಿದವು. 1545ರಲ್ಲಿ ಸ್ವತಃ ಪ್ರಕಾಶನಕ್ಕೂ ಕೈಹಾಕಿದನು. ಅದು ಅವನ ಮುಖ್ಯ ವೃತ್ತಿಯಾಗಲಿಲ್ಲ.

ಆ ಕಾಲದಲ್ಲಿ ಒಂದು ಅಕ್ಷರವನ್ನು ಹೇಗೆ ತಯಾರಿಸುತ್ತಿದ್ದರು?

ಉಕ್ಕಿನ ಸಣ್ಣ ಕಡ್ಡಿಯೊಂದರ ತುದಿಯಲ್ಲಿ ಅಕ್ಷರವನ್ನು ಕನ್ನಡಿಯ ಬಿಂಬದಂತೆ ತಿರುವುಮುರುವಾಗಿ ಕೊರೆಯಬೇಕಿತ್ತು. ಇದನ್ನು ಪಂಚ್ ಎನ್ನುತ್ತಾರೆ. ಅಕ್ಷರದ ಒಳಗಿನ ಖಾಲಿ ಜಾಗವನ್ನು ಹೆಚ್ಚಾಗಿ ಮತ್ತೊಂದು ಪಂಚಿನಿಂದ ಹೊಡೆದು ಮೂಡಿಸಿ, ಹೊರಭಾಗವನ್ನು ಅರದಿಂದ ಉಜ್ಜಿ ರೂಪಕ್ಕೆ ತರುತ್ತಿದ್ದರು. ನಡುನಡುವೆ ಪಂಚನ್ನು ದೀಪದ ಹೊಗೆಗೆ ಹಿಡಿದು, ಕರಿಹಿಡಿದ ತುದಿಯನ್ನು ಕಾಗದಕ್ಕೆ ಒತ್ತಿ ನೋಡುತ್ತಿದ್ದರು; ಕೆಲಸ ಎಷ್ಟು ಸಾಗಿದೆ ಎಂದು ತಿಳಿಯಲು ಇದ್ದ ದಾರಿ ಅದೇ. ರೂಪ ಸರಿಬಂದ ಮೇಲೆ ಉಕ್ಕನ್ನು ಕಾಯಿಸಿ ಗಟ್ಟಿಮಾಡಿ, ತಾಮ್ರದ ತುಂಡಿನ ಮೇಲೆ ಇಟ್ಟು ಹೊಡೆದರೆ ಅಕ್ಷರದ ಗುಳಿ ಬೀಳುತ್ತಿತ್ತು. ಆ ತಾಮ್ರದ ಅಚ್ಚನ್ನು ಎರಕದ ಸಾಧನಕ್ಕೆ ಜೋಡಿಸಿ, ಸೀಸ, ತವರ ಮತ್ತು ಆಂಟಿಮನಿ ಬೆರೆತ ಲೋಹವನ್ನು ಕರಗಿಸಿ ಸುರಿದಾಗ ಅಚ್ಚುಮೊಳೆ ಸಿಗುತ್ತಿತ್ತು.

ಪ್ರತಿಯೊಂದು ಗಾತ್ರಕ್ಕೂ ಇಡೀ ಕೆಲಸವನ್ನು ಹೊಸದಾಗಿ ಮಾಡಬೇಕಿತ್ತು. ಗರಮೋಂ ಒಂದು ವರ್ಣಮಾಲೆಯನ್ನು ಬರೆದಿಟ್ಟು ಬೇಕಾದಷ್ಟು ಹಿಗ್ಗಿಸಿ ಕುಗ್ಗಿಸಿದವನಲ್ಲ. ಗಾತ್ರಗಾತ್ರಕ್ಕೂ ಬೇರೆ ಬೇರೆ ಅಕ್ಷರಗಳನ್ನು ಕೊರೆದವನು. ಗ್ಯಾರಮಂಡ್ ಕುರಿತ ಅರ್ಧ ಗೊಂದಲಗಳು ಈ ಒಂದು ಸಂಗತಿಯನ್ನು ಮರೆತಾಗಲೇ ಹುಟ್ಟುತ್ತವೆ.

## ಅಕ್ಷರಗಳ ರೂಪ

ಪುಟ ನೋಡಿದ ಕೂಡಲೇ ಇದು ಗ್ಯಾರಮಂಡ್ ಎಂದು ಗುರುತಿಸುವುದು ಹೇಗೆ?

ರೋಮನ್ ಲಿಪಿಯ ಸಣ್ಣಕ್ಷರಗಳಾದ ‘ಎ’ ಮತ್ತು ‘ಇ’ಗಳನ್ನು ಮೊದಲು ನೋಡಿ. ‘ಎ’ ಅಕ್ಷರದ ಹೊಟ್ಟೆ ಚಿಕ್ಕದು. ‘ಇ’ ಅಕ್ಷರದ ಮೇಲ್ಭಾಗದಲ್ಲಿರುವ ಮುಚ್ಚಿದ ಕಣ್ಣು ಇನ್ನೂ ಚಿಕ್ಕದು, ಅದರ ಅಡ್ಡಗೆರೆ ಮಟ್ಟಸ. ಇದಕ್ಕೂ ಹಿಂದಿನ ವೆನಿಸ್ಸಿನ ಅಕ್ಷರಗಳಲ್ಲಿ ಆ ಅಡ್ಡಗೆರೆ ಓರೆಯಾಗಿರುತ್ತಿತ್ತು, ಅದೊಂದರಿಂದಲೇ ಎರಡನ್ನೂ ಬೇರ್ಪಡಿಸಬಹುದು. ಬಳಿಕ ‘ಓ’ ಅಕ್ಷರವನ್ನು ನೋಡಿ: ಅದರ ತೆಳುವಾದ ಭಾಗಗಳು ನೆತ್ತಿಯಲ್ಲೂ ಬುಡದಲ್ಲೂ ನೇರವಾಗಿ ಇರದೆ ತುಸು ಎಡಕ್ಕೆ ಮತ್ತು ತುಸು ಬಲಕ್ಕೆ ಸರಿದಿರುತ್ತವೆ, ಇಡೀ ಅಕ್ಷರ ಎಡಕ್ಕೆ ವಾಲಿದಂತೆ ತೋರುತ್ತದೆ. ದಪ್ಪ ಗೆರೆಗೂ ತೆಳು ಗೆರೆಗೂ ವ್ಯತ್ಯಾಸವಿದೆ, ಆದರೆ 18ನೇ ಶತಮಾನದ ಕೊನೆಯ ಬೊದೋನಿ ಮೊದಲಾದ ಅಕ್ಷರಶೈಲಿಗಳಲ್ಲಿರುವಷ್ಟು ತೀವ್ರವಾಗಿಲ್ಲ.

ದೊಡ್ಡಕ್ಷರಗಳು ‘ಬಿ’, ‘ಡಿ’, ‘ಎಲ್’ಗಳಂತಹ ಎತ್ತರದ ಸಣ್ಣಕ್ಷರಗಳಿಗಿಂತ ಗಿಡ್ಡ. ವಾಕ್ಯದ ನಡುವೆ ಹೆಸರುಗಳು ಬಂದಾಗಲೂ ಪುಟ ಶಾಂತವಾಗಿ ಉಳಿಯುವುದಕ್ಕೆ ಇದು ಮುಖ್ಯ ಕಾರಣ. ದೊಡ್ಡಕ್ಷರ ‘ಆರ್’ನ ಕಾಲು ಉದ್ದವಾಗಿ ಹೊರಚಾಚಿರುತ್ತದೆ, ‘ಟಿ’ಯ ಎರಡು ತುದಿಗಳ ಸೆರಿಫುಗಳು ಅನೇಕ ರೂಪಗಳಲ್ಲಿ ಒಂದೇ ಕೋನದಲ್ಲಿ ಇರುವುದಿಲ್ಲ.

ಫ್ರಾನ್ಸಿನ ಮ್ಯಾಕ್ಸಿಮಿಲಿಯನ್ ವೋಕ್ಸ್ 1954ರಲ್ಲಿ ಅಕ್ಷರಶೈಲಿಗಳನ್ನು ವರ್ಗೀಕರಿಸಿದಾಗ, ಗ್ಯಾರಮಂಡ್ ಮತ್ತು ಆಲ್ದಸ್ಸನ ಅಕ್ಷರಗಳನ್ನು ಒಂದೇ ಗುಂಪಿಗೆ ಸೇರಿಸಿ ಗರಾಲ್ದ್ ಎಂದು ಕರೆದರು. ಈ ಗುಂಪಿನ ಯಾವ ಅಕ್ಷರವನ್ನು ಕಂಡರೂ ಗ್ಯಾರಮಂಡ್ ಎಂದು ಮೊದಲಿಗೆ ಅನಿಸುವುದು ಸಹಜ.

12 ಪಾಯಿಂಟ್ ಇಟ್ಟರೂ ಅಕ್ಷರ ಚಿಕ್ಕದಾಗಿ ಕಾಣುತ್ತದಲ್ಲ, ಯಾಕೆ?

ಪಾಯಿಂಟ್ ಎನ್ನುವುದು ಕಣ್ಣಿಗೆ ಕಾಣುವ ಅಕ್ಷರದ ಅಳತೆಯಲ್ಲ. ಅದು ಮೂಲದಲ್ಲಿ ಅಚ್ಚುಮೊಳೆಯ ಒಡಲಿನ ಅಳತೆ. ಆ ಒಡಲಿನ ಮೇಲೆ ಅಕ್ಷರ ಎಷ್ಟು ಜಾಗ ತುಂಬಿಕೊಂಡಿದೆ ಎಂಬುದು ಶೈಲಿಯಿಂದ ಶೈಲಿಗೆ ಬದಲಾಗುತ್ತದೆ. ‘ಎಕ್ಸ್’ ಎಂಬ ಸಣ್ಣಕ್ಷರದ ಎತ್ತರವನ್ನು ಎಕ್ಸ್-ಎತ್ತರ ಎನ್ನುತ್ತಾರೆ. ಗ್ಯಾರಮಂಡಿನಲ್ಲಿ ಅದು ಕಡಿಮೆ, ಮೇಲಕ್ಕೂ ಕೆಳಕ್ಕೂ ಚಾಚುವ ಗೆರೆಗಳು ಉದ್ದ. 1932ರಲ್ಲಿ ಲಂಡನ್ನಿನ ಪತ್ರಿಕೆಯೊಂದಕ್ಕಾಗಿ ರೂಪುಗೊಂಡ ಟೈಮ್ಸ್ ನ್ಯೂ ರೋಮನ್ನಿನಲ್ಲಿ, ಕಿರಿದಾದ ಅಂಕಣದಲ್ಲಿ ಹೆಚ್ಚು ಪದಗಳು ಹಿಡಿಸಬೇಕಾಗಿದ್ದುದರಿಂದ, ಎಕ್ಸ್-ಎತ್ತರ ಹೆಚ್ಚು. ಎರಡನ್ನೂ ಒಂದೇ ಪಾಯಿಂಟಿನಲ್ಲಿ ಅಕ್ಕಪಕ್ಕ ಇಟ್ಟರೆ ಗ್ಯಾರಮಂಡ್ ಒಂದು ಗಾತ್ರ ಚಿಕ್ಕದೆಂದೇ ಕಾಣುತ್ತದೆ.

ಇದನ್ನು ದೋಷವೆಂದು ತಿಳಿಯಬೇಕಾಗಿಲ್ಲ. ಸಾಲುಗಳ ನಡುವೆ ತಾನಾಗಿ ಉಳಿಯುವ ಬಿಳುಪು, ಪದಗಳ ಸ್ಪಷ್ಟ ಹೊರರೇಖೆ ಎರಡೂ ಈ ಪ್ರಮಾಣದಿಂದಲೇ ಬಂದ ಗುಣಗಳು. ಗಾತ್ರವನ್ನು ಅರ್ಧ ಅಥವಾ ಒಂದು ಪಾಯಿಂಟ್ ಏರಿಸಿಕೊಂಡರೆ ಸಾಕು.

ಇದರ ಇಟಾಲಿಕ್ ಬೇರೆಯದೇ ಕೈಯ ಕೆಲಸದಂತೆ ಕಾಣುತ್ತದೆ. ನಿಜವೇ?

ಬಹುಪಾಲು ಫಾಂಟುಗಳಲ್ಲಿ ನಿಜ. 16ನೇ ಶತಮಾನದಲ್ಲಿ ಇಟಾಲಿಕ್, ಎಂದರೆ ಓರೆಯಾಗಿ ವಾಲಿದ ಅಕ್ಷರ, ರೋಮನ್ನಿನ ಜೊತೆಗಾತಿಯಾಗಿ ಹುಟ್ಟಲಿಲ್ಲ. ಅದೊಂದು ಸ್ವತಂತ್ರ ಅಕ್ಷರ, ಇಡೀ ಪುಸ್ತಕವನ್ನೇ ಅದರಲ್ಲಿ ಅಚ್ಚುಹಾಕುತ್ತಿದ್ದರು. ಗರಮೋಂ ಇಟಾಲಿಕ್ ಕೊರೆದಿದ್ದನಾದರೂ ಆ ಕ್ಷೇತ್ರದ ದೊಡ್ಡ ಪ್ರತಿಭೆ ಅವನ ಸಮಕಾಲೀನ ರಾಬೇರ್ ಗ್ರಾಂಜೋಂ. ಹಾಗಾಗಿ ಇಂದಿನ ವಿನ್ಯಾಸಕರು ರೋಮನ್ನಿಗೆ ಗರಮೋಂನನ್ನೂ ಇಟಾಲಿಕ್ಕಿಗೆ ಗ್ರಾಂಜೋಂನನ್ನೂ ಅನುಸರಿಸುವುದು ರೂಢಿಯಾಗಿದೆ. ಸಾಲಿನ ನಡುವೆ ಒಂದು ಪದ ಇಟಾಲಿಕ್ಕಿಗೆ ತಿರುಗಿದಾಗ ವೇಗ ಬದಲಾದಂತೆ ಅನಿಸುವುದು ಇದರಿಂದಲೇ, ಒತ್ತು ಕೊಡುವ ಕೆಲಸಕ್ಕೆ ಅದು ಬಹಳ ಚೆನ್ನಾಗಿ ಒದಗುತ್ತದೆ. ಇಟಾಲಿಕ್ ಇಲ್ಲದ ಫಾಂಟಿನ ನೇರ ಅಕ್ಷರವನ್ನೇ ಕಂಪ್ಯೂಟರಿನಿಂದ ವಾಲಿಸಿದರೆ ಈ ಗುಣ ಸ್ವಲ್ಪವೂ ಸಿಗುವುದಿಲ್ಲ, ಹಾಗೆ ಮಾಡಲೇಬಾರದು.

ಮೂಲದಲ್ಲಿ ಬೋಲ್ಡ್ ಇತ್ತೇ?

ಇರಲಿಲ್ಲ. ದಪ್ಪಕ್ಷರ ಬಳಕೆಗೆ ಬಂದದ್ದು 19ನೇ ಶತಮಾನದಲ್ಲಿ, ಜಾಹೀರಾತುಗಳ ಕಾಲದಲ್ಲಿ. ಗ್ಯಾರಮಂಡ್ ಹೆಸರಿನ ಪ್ರತಿಯೊಂದು ಬೋಲ್ಡ್ ಕೂಡ ಇತ್ತೀಚಿನ ವಿನ್ಯಾಸಕರ ಕಲ್ಪನೆಯಾಗಿದ್ದು, ಗುಣಮಟ್ಟದಲ್ಲಿ ಏರುಪೇರಿದೆ. ಒಳಪುಟಗಳಲ್ಲಿ ಶೀರ್ಷಿಕೆಗಾಗಿ ಬೋಲ್ಡಿಗೆ ಬದಲು ದೊಡ್ಡ ಗಾತ್ರ, ಇಟಾಲಿಕ್ ಅಥವಾ ಕಿರುದೊಡ್ಡಕ್ಷರಗಳನ್ನು (ಸಣ್ಣಕ್ಷರಗಳಷ್ಟೇ ಎತ್ತರದ ದೊಡ್ಡಕ್ಷರಗಳನ್ನು) ಬಳಸಿದರೆ ಪುಟ ಈ ಶೈಲಿಯ ಸ್ವಭಾವಕ್ಕೆ ಹತ್ತಿರವಾಗಿರುತ್ತದೆ.

ಅಂಕಿಗಳು ಒಂದೇ ಮಟ್ಟದಲ್ಲಿ ನಿಲ್ಲುವುದಿಲ್ಲ. ಫಾಂಟ್ ಕೆಟ್ಟಿದೆಯೇ?

ಇಲ್ಲ. ಸಣ್ಣಕ್ಷರಗಳಂತೆ ಕೆಲವು ಮೇಲಕ್ಕೆ, ಕೆಲವು ಕೆಳಕ್ಕೆ ಚಾಚುವ ಈ ಹಳೆಯ ಶೈಲಿಯ ಅಂಕಿಗಳೇ ಗರಮೋಂನ ಕಾಲದ ರೂಢಿ. ಒಂದೇ ಎತ್ತರದ ಅಂಕಿಗಳು ಬಂದದ್ದು 18ನೇ ಶತಮಾನದ ಕೊನೆಗೆ. ವಾಕ್ಯಗಳ ನಡುವೆ ಇಸವಿ ಬಂದಾಗ ಹಳೆಯ ಶೈಲಿಯವು ಸಾಲಿನಲ್ಲಿ ಬೆರೆತುಹೋಗುತ್ತವೆ. ಲೆಕ್ಕದ ಪಟ್ಟಿಗಳಿಗೆ ಸಮಾನ ಎತ್ತರದ, ಸಮಾನ ಅಗಲದ ಅಂಕಿಗಳು ಬೇಕು. ಒಳ್ಳೆಯ ಫಾಂಟುಗಳಲ್ಲಿ ಎರಡೂ ಇರುತ್ತವೆ, ಓಪನ್‌ಟೈಪ್ (ಇಂದಿನ ಫಾಂಟ್ ಕಡತಗಳ ಮಾದರಿ) ಆಯ್ಕೆಗಳಲ್ಲಿ ಬದಲಿಸಿಕೊಳ್ಳಬಹುದು.

## ಯಾವ ಗ್ಯಾರಮಂಡ್?

ಒಂದೇ ಹೆಸರಿನಲ್ಲಿ ಇಷ್ಟೊಂದು ಫಾಂಟುಗಳಿವೆ. ಯಾವುದು ಅಸಲಿ?

ಅಸಲಿ ಎಂದರೆ ಉಕ್ಕಿನ ಪಂಚುಗಳು ಮತ್ತು ಅವುಗಳಿಂದ ಅಚ್ಚಾದ ಪುಟಗಳು ಮಾತ್ರ. ಉಳಿದವೆಲ್ಲ ಆ ಪುಟಗಳ ಬೇರೆ ಬೇರೆ ಓದುಗಳು. ಒತ್ತುಯಂತ್ರದಲ್ಲಿ ಒದ್ದೆ ಕಾಗದದ ಮೇಲೆ ಅಚ್ಚಾದ ಅಕ್ಷರದ ಅಂಚಿನಲ್ಲಿ ಶಾಯಿ ಹರಡಿಕೊಂಡಿರುತ್ತದೆ. ಆ ಹರಡನ್ನೂ ಸೇರಿಸಿಕೊಂಡು ಬಿಡಿಸಬೇಕೋ, ಅದನ್ನು ಕಳೆದು ಲೋಹದ ಅಕ್ಷರವನ್ನು ಊಹಿಸಬೇಕೋ ಎಂದು ಪ್ರತಿ ವಿನ್ಯಾಸಕರೂ ನಿರ್ಧರಿಸಲೇಬೇಕು. ಯಾವ ಗಾತ್ರದ ಮಾದರಿಯನ್ನು ಆರಿಸಿಕೊಳ್ಳುತ್ತಾರೆ ಎಂಬುದರಿಂದಲೂ ಫಲಿತಾಂಶ ಬದಲಾಗುತ್ತದೆ.

ಸ್ಥೂಲವಾಗಿ ಎರಡು ವಂಶಗಳಿವೆ. ಮೊದಲನೆಯದು ಗರಮೋಂನ ನಿಜವಾದ ಅಕ್ಷರಗಳಿಂದ ಬಂದದ್ದು. ಇದಕ್ಕೆ ದೊಡ್ಡ ಆಧಾರವೆಂದರೆ ಫ್ರಾಂಕ್‌ಫರ್ಟಿನಲ್ಲಿ ಕೋನ್ರಾಡ್ ಬೆರ್ನರ್ 1592ರಲ್ಲಿ ಹೊರತಂದ ಒಂದು ಮಾದರಿ ಹಾಳೆ. ಎಗೆನೋಲ್ಫ್-ಬೆರ್ನರ್ ಹಾಳೆ ಎಂದು ಪ್ರಸಿದ್ಧವಾದ ಅದರಲ್ಲಿ ಯಾವ ಅಕ್ಷರ ಗರಮೋಂನದು, ಯಾವುದು ಗ್ರಾಂಜೋಂನದು ಎಂದು ಹೆಸರಿಸಿದೆ. 1925ರ ಸ್ಟೆಂಪೆಲ್ ಗ್ಯಾರಮಂಡ್, 1989ರಲ್ಲಿ ರಾಬರ್ಟ್ ಸ್ಲಿಂಬಾಕ್ ರೂಪಿಸಿದ ಅಡೋಬಿ ಗ್ಯಾರಮಂಡ್, ಅವರೇ 2005ರಲ್ಲಿ ಹೊರತಂದ ಗ್ಯಾರಮಂಡ್ ಪ್ರೀಮಿಯರ್, 2011ರಲ್ಲಿ ಗಿಯೋರ್ಗ್ ಡುಫ್ನರ್ ಆರಂಭಿಸಿದ ಇಬಿ ಗ್ಯಾರಮಂಡ್ ಈ ವಂಶದವು. ಎರಡನೆಯ ವಂಶದ ಕಥೆ ಮುಂದಿನ ಉತ್ತರದಲ್ಲಿದೆ.

ಕೆಲವು ಗ್ಯಾರಮಂಡುಗಳು ಗರಮೋಂನದ್ದೇ ಅಲ್ಲ ಎನ್ನುತ್ತಾರೆ. ಹಾಗೆಂದರೇನು?

ಗರಮೋಂ ತೀರಿಕೊಂಡು ಸುಮಾರು 60 ವರ್ಷಗಳ ಬಳಿಕ, ಸೆಡಾನ್ ಪಟ್ಟಣದಲ್ಲಿದ್ದ ಜಾಂ ಜಾನೋಂ ಎಂಬ ಪ್ರೊಟೆಸ್ಟಂಟ್ ಮುದ್ರಕ ತಾನೇ ಅಕ್ಷರಗಳನ್ನು ಕೊರೆದು 1621ರಲ್ಲಿ ಮಾದರಿ ಪುಸ್ತಕವೊಂದನ್ನು ಪ್ರಕಟಿಸಿದನು. ಅವು ಹಿಂದಿನ ಶತಮಾನದ ರೂಪವನ್ನು ಅನುಸರಿಸಿದ್ದರೂ ಹೆಚ್ಚು ಚೂಪು, ಹೆಚ್ಚು ಚಂಚಲ. 1640ರಲ್ಲಿ ಪ್ಯಾರಿಸ್ಸಿನಲ್ಲಿ ರಾಜಮುದ್ರಣಾಲಯ ಆರಂಭವಾಯಿತು; ಮರುವರ್ಷ ಜಾನೋಂನ ತಾಮ್ರದ ಅಚ್ಚುಗಳು ಆ ಸಂಸ್ಥೆಯನ್ನು ಸೇರಿದವು. ಕಾಲ ಕಳೆದಂತೆ ಅವುಗಳನ್ನು ಯಾರು ಮಾಡಿದರೆಂಬುದು ಮರೆತುಹೋಯಿತು. 1900ರ ಸುಮಾರಿಗೆ ಫ್ರಾನ್ಸಿನ ರಾಷ್ಟ್ರೀಯ ಮುದ್ರಣಾಲಯ ಅವನ್ನು ಮತ್ತೆ ಬಳಕೆಗೆ ತಂದಾಗ ಗರಮೋಂನ ಹೆಸರಿನಲ್ಲೇ ತಂದಿತು.

ಆ ಬಳಿಕ ಅಮೆರಿಕದಲ್ಲಿ ಮಾರಿಸ್ ಫುಲ್ಲರ್ ಬೆಂಟನ್ ರೂಪಿಸಿದ ಗ್ಯಾರಮಂಡ್, 1922ರಲ್ಲಿ ಇಂಗ್ಲೆಂಡಿನ ಮೋನೋಟೈಪ್ ಸಂಸ್ಥೆ ಹೊರತಂದ ಗ್ಯಾರಮಂಡ್ ಎರಡೂ ಈ ತಪ್ಪು ಮೂಲವನ್ನೇ ಅನುಸರಿಸಿದವು. ಸತ್ಯವನ್ನು 1926ರಲ್ಲಿ ಬಯಲಿಗೆ ತಂದವರು ಅಮೆರಿಕದ ಮುದ್ರಣ ವಿದ್ವಾಂಸೆ ಬಿಯಾಟ್ರಿಸ್ ವಾರ್ಡ್. ಜಾನೋಂನ 1621ರ ಮಾದರಿ ಪುಸ್ತಕದ ಪ್ರತಿಯನ್ನು ಪ್ಯಾರಿಸ್ಸಿನ ಗ್ರಂಥಾಲಯದಲ್ಲಿ ನೋಡಿ, ಅಕ್ಷರಗಳನ್ನು ಹೋಲಿಸಿ, ಪಾಲ್ ಬೋಜೋಂ ಎಂಬ ಪುರುಷನ ಹೆಸರಿನಲ್ಲಿ ಅವರು ಪ್ರಬಂಧ ಬರೆದರು. ಮುದ್ರಣ ಇತಿಹಾಸದಲ್ಲಿ ಇಷ್ಟು ಎಚ್ಚರದ ಪತ್ತೆಗೆಲಸ ಅಪರೂಪ. ಅಷ್ಟರಲ್ಲಿ ಫಾಂಟುಗಳ ಹೆಸರು ಮಾರುಕಟ್ಟೆಯಲ್ಲಿ ಬೇರೂರಿತ್ತು, ಹಾಗೆಯೇ ಉಳಿಯಿತು.

ಗುರುತಿಸಲು ‘ಎಂ’, ‘ಎನ್’, ‘ಪಿ’, ‘ಆರ್’ ಎಂಬ ಸಣ್ಣಕ್ಷರಗಳ ತಲೆಯ ಸೆರಿಫನ್ನು ನೋಡಿ. ಜಾನೋಂನಲ್ಲಿ ಅದು ಕಡಿದಾಗಿ ಇಳಿದು, ಒಳಕ್ಕೆ ತೋಡಿದಂತೆ ಇರುತ್ತದೆ. ಇಟಾಲಿಕ್ ದೊಡ್ಡಕ್ಷರಗಳು ಒಂದೊಂದೂ ಒಂದೊಂದು ಕೋನದಲ್ಲಿ ವಾಲುತ್ತವೆ. ಗರಮೋಂನದಲ್ಲ ಎಂಬ ಕಾರಣಕ್ಕೆ ಈ ಅಕ್ಷರಗಳನ್ನು ಕೀಳಾಗಿ ಕಾಣುವುದು ಸರಿಯಲ್ಲ; ಜಾನೋಂನ ಇಟಾಲಿಕ್ಕಿನ ಚೆಲುವು ಅದರದ್ದೇ.

ವರ್ಡ್ ತಂತ್ರಾಂಶದ ಜೊತೆಗೆ ಬರುವ ಗ್ಯಾರಮಂಡ್ ಯಾವುದು? ಅದನ್ನೇ ಬಳಸಿದರೆ ಸಾಲದೇ?

ಅದು ಮೋನೋಟೈಪ್ ಗ್ಯಾರಮಂಡ್, ಎಂದರೆ ಜಾನೋಂ ವಂಶದ್ದು. ಲೋಹದ ಕಾಲದಲ್ಲಿ ಶಾಯಿ ಹರಡಿ ಗೆರೆಗೆ ಮೈ ತುಂಬುತ್ತಿತ್ತು. ಡಿಜಿಟಲ್ ರೂಪದಲ್ಲಿ ಅದಿಲ್ಲದೆ ಅಕ್ಷರ ತೆಳ್ಳಗಾಗಿದೆ. ಲೇಸರ್ ಮುದ್ರಣದಲ್ಲಿ ಚಿಕ್ಕ ಗಾತ್ರಕ್ಕೆ ಅದು ಮಸುಕೆನಿಸುವುದುಂಟು. ಇದರಲ್ಲಿ ನೇರ, ಇಟಾಲಿಕ್ ಮತ್ತು ಬೋಲ್ಡ್ ಮಾತ್ರ ಇವೆ. ಬೋಲ್ಡ್ ಇಟಾಲಿಕ್ ಕೇಳಿದರೆ ತಂತ್ರಾಂಶ ಬೋಲ್ಡನ್ನೇ ಕೃತಕವಾಗಿ ವಾಲಿಸುತ್ತದೆ. ಪತ್ರ, ಪ್ರಬಂಧಗಳಿಗೆ ಸಾಕು. ಪುಸ್ತಕಕ್ಕೆ ಬೇರೆಯದನ್ನು ಹುಡುಕುವುದು ಮೇಲು.

ಸಬಾನ್ ಕೂಡ ಗ್ಯಾರಮಂಡೇ ಎನ್ನುತ್ತಾರಲ್ಲ?

ಹೌದು, ಹೆಸರಿನಲ್ಲಿ ಮಾತ್ರ ಬೇರೆ. ಯಾನ್ ಚಿಕೋಲ್ಡ್ ರೂಪಿಸಿ 1967ರಲ್ಲಿ ಬಿಡುಗಡೆಯಾದ ಸಬಾನ್, 1592ರ ಮಾದರಿ ಹಾಳೆಯ ವಂಶಕ್ಕೇ ಸೇರಿದೆ; ಅದಕ್ಕೆ ಹೆಸರು ಬಂದದ್ದು ಫ್ರಾಂಕ್‌ಫರ್ಟಿನಲ್ಲಿ ಅಕ್ಷರ ಎರಕದ ಕೆಲಸ ಮಾಡುತ್ತಿದ್ದ ಜಾಕ್ ಸಬೋಂನಿಂದ. ಕೈಜೋಡಣೆ, ಲೈನೋಟೈಪ್ (ಇಡೀ ಸಾಲನ್ನೇ ಎರಕ ಹೊಯ್ಯುವ ಯಂತ್ರ) ಮತ್ತು ಮೋನೋಟೈಪ್ (ಅಕ್ಷರಗಳನ್ನು ಒಂದೊಂದಾಗಿ ಎರಕ ಹೊಯ್ಯುವ ಯಂತ್ರ) ಎಂಬ ಮೂರೂ ವಿಧಾನಗಳಲ್ಲಿ ಒಂದೇ ರೀತಿ ಕಾಣುವ ಅಕ್ಷರ ಬೇಕೆಂಬುದು ಅದನ್ನು ಬಯಸಿದವರ ಷರತ್ತು. ಲೈನೋಟೈಪಿನಲ್ಲಿ ರೋಮನ್ನಿಗೂ ಇಟಾಲಿಕ್ಕಿಗೂ ಒಂದೇ ಅಗಲ ಇರಬೇಕಾಗಿದ್ದುದರಿಂದ ಸಬಾನಿನ ಇಟಾಲಿಕ್ ಕೊಂಚ ಅಗಲವಾಯಿತು. ಇಷ್ಟು ಕಟ್ಟುಪಾಡಿನಲ್ಲೂ ಪುಟ ಇಷ್ಟು ಸಮವಾಗಿ ಬರುವುದನ್ನು ನೋಡಿದಾಗಲೆಲ್ಲ ಚಿಕೋಲ್ಡ್ ಅವರ ಶಿಸ್ತಿನ ಬಗ್ಗೆ ಗೌರವ ಹೆಚ್ಚುತ್ತದೆ.

ಐಟಿಸಿ ಗ್ಯಾರಮಂಡನ್ನು ಪುಸ್ತಕಕ್ಕೆ ಬಳಸಬಹುದೇ?

ಬಳಸದಿರುವುದು ಒಳ್ಳೆಯದು. 1970ರ ದಶಕದಲ್ಲಿ ಅಮೆರಿಕದ ಇಂಟರ್‌ನ್ಯಾಷನಲ್ ಟೈಪ್‌ಫೇಸ್ ಕಾರ್ಪೊರೇಷನ್ (ಐಟಿಸಿ) ಸಂಸ್ಥೆಗಾಗಿ ಟೋನಿ ಸ್ಟಾನ್ ಅದನ್ನು ಜಾಹೀರಾತು ಮತ್ತು ಶೀರ್ಷಿಕೆಗಳನ್ನು ಮನಸ್ಸಿನಲ್ಲಿಟ್ಟು ರೂಪಿಸಿದರು. ಎಕ್ಸ್-ಎತ್ತರ ಬಹಳ ಹೆಚ್ಚು, ಹಳೆಯ ಪ್ರಮಾಣಗಳು ಉಳಿದಿಲ್ಲ. ಆಪಲ್ ಸಂಸ್ಥೆ 1984ರಿಂದ 2000ದ ದಶಕದ ಆರಂಭದವರೆಗೆ ಇದರ ಕಿರಿದಾದ ರೂಪವನ್ನು ತನ್ನ ಜಾಹೀರಾತುಗಳಲ್ಲಿ ಬಳಸಿತು. ಆ ಕೆಲಸಕ್ಕೆ ಅದು ಚೆನ್ನಾಗಿಯೇ ಒಪ್ಪಿತ್ತು.

ಹಣ ಕೊಡದೆ ಬಳಸಬಹುದಾದ ಒಳ್ಳೆಯ ಗ್ಯಾರಮಂಡ್ ಇದೆಯೇ?

ಇಬಿ ಗ್ಯಾರಮಂಡ್ ಇದೆ. ಮುಕ್ತ ಫಾಂಟ್ ಪರವಾನಗಿಯಲ್ಲಿ ದೊರೆಯುತ್ತದೆ, ಪುಸ್ತಕದ ಮಾರಾಟಕ್ಕೂ ಅಡ್ಡಿಯಿಲ್ಲ. ಲ್ಯಾಟಿನ್ ಜೊತೆಗೆ ಗ್ರೀಕ್ ಮತ್ತು ಸಿರಿಲಿಕ್ ಅಕ್ಷರಗಳೂ ಅದರಲ್ಲಿವೆ; ಒಕ್ಟಾವಿಯೊ ಪಾರ್ಡೊ ಅದಕ್ಕೆ ದಪ್ಪದ ಹಲವು ಹಂತಗಳನ್ನು ಸೇರಿಸಿದರು.

ಕೋರ್ಮೊರಂಟ್ ಗ್ಯಾರಮಂಡ್ ಎಂಬ ಇನ್ನೊಂದು ಉಚಿತ ಫಾಂಟೂ ಜನಪ್ರಿಯ. ಅದು ಶೀರ್ಷಿಕೆಗಳಿಗಾಗಿ ಮಾಡಿದ್ದು: ಗೆರೆಗಳು ಬಹಳ ನವಿರು, ಎಕ್ಸ್-ಎತ್ತರ ಬಹಳ ಕಡಿಮೆ. ಅದರಲ್ಲಿ ಇಡೀ ಪುಸ್ತಕವನ್ನು 10 ಪಾಯಿಂಟಿನಲ್ಲಿ ಜೋಡಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ, ಓದುಗರ ಕಣ್ಣಿಗೆ ನಿಜವಾಗಿಯೂ ಶ್ರಮವಾಗುತ್ತದೆ.

## ಬಳಕೆ

ಯಾವ ಕೆಲಸಕ್ಕೆ ಇದು ಸರಿಯಾದ ಆಯ್ಕೆ?

ದೀರ್ಘವಾಗಿ, ಎಡೆಬಿಡದೆ ಓದಬೇಕಾದ ಬರಹಕ್ಕೆ: ಕಾದಂಬರಿ, ಪ್ರಬಂಧ, ಜೀವನಚರಿತ್ರೆ, ಕವಿತೆ. ಫ್ರಾನ್ಸಿನಲ್ಲಿ ತೆಳು ಕಾಗದದ ಮೇಲೆ ಅಚ್ಚಾಗುವ ಪ್ಲೇಯಾಡ್ ಗ್ರಂಥಮಾಲೆ ಗ್ಯಾರಮಂಡಿನಲ್ಲೇ ಬರುತ್ತದೆ. ಅಕ್ಷರಗಳು ತಮ್ಮ ಕಡೆಗೆ ಗಮನ ಸೆಳೆಯದೆ ಪದಗಳಾಗಿ ಕೂಡಿಕೊಳ್ಳುವುದು ಇದರ ದೊಡ್ಡ ಗುಣ. ಔಷಧಿ ಚೀಟಿ, ನಕ್ಷೆ, ದಾರಿಫಲಕ, ಅಂಕಿಅಂಶಗಳ ಪಟ್ಟಿ, ತೀರಾ ಚಿಕ್ಕ ಅಕ್ಷರದ ಷರತ್ತುಗಳು ಇವಕ್ಕೆಲ್ಲ ಬೇಡ; ಅಲ್ಲಿ ಎಕ್ಸ್-ಎತ್ತರ ಹೆಚ್ಚಿರುವ, ಗೆರೆ ಗಟ್ಟಿಯಾಗಿರುವ ಅಕ್ಷರಗಳು ಬೇಕು. ಕಪ್ಪು ಹಿನ್ನೆಲೆಯ ಮೇಲೆ ಬಿಳಿಯಾಗಿ ಅಚ್ಚಾಗಬೇಕಾದಲ್ಲೂ ಇದರ ತೆಳುಗೆರೆಗಳು ಶಾಯಿಯಲ್ಲಿ ಮುಚ್ಚಿಹೋಗುವ ಅಪಾಯವಿದೆ.

ಪುಸ್ತಕದ ಒಳಪುಟಕ್ಕೆ ಎಷ್ಟು ಗಾತ್ರ, ಸಾಲುಗಳ ನಡುವೆ ಎಷ್ಟು ಅಂತರ ಇಡಬೇಕು?

ಸಾಮಾನ್ಯ ಕಾದಂಬರಿಯ ಅಳತೆಯ ಪುಟಕ್ಕೆ 11ರಿಂದ 12 ಪಾಯಿಂಟ್, ಅದಕ್ಕೆ 14ರಿಂದ 15 ಪಾಯಿಂಟಿನ ಸಾಲಂತರ ಒಳ್ಳೆಯ ಆರಂಭ. ಒಂದು ಸಾಲಿನಲ್ಲಿ ಖಾಲಿ ಜಾಗವೂ ಸೇರಿ 60ರಿಂದ 70 ಅಕ್ಷರಗಳು ಬಂದರೆ ಕಣ್ಣು ಮುಂದಿನ ಸಾಲನ್ನು ಸುಲಭವಾಗಿ ಹಿಡಿಯುತ್ತದೆ. ಇವು ಆರಂಭದ ಅಂಕಿಗಳು ಮಾತ್ರ. ತೀರ್ಮಾನವನ್ನು ಪರದೆಯ ಮೇಲೆ ಮಾಡದೆ, ಪುಸ್ತಕಕ್ಕೆ ಬಳಸುವ ಕಾಗದದ ಮೇಲೆಯೇ ಎರಡು ಮೂರು ಗಾತ್ರಗಳಲ್ಲಿ ಒಂದೊಂದು ಪುಟ ಅಚ್ಚುಹಾಕಿಸಿ ನೋಡಿ. ಹೊಳಪಿಲ್ಲದ, ಮಾಸಲು ಬಿಳುಪಿನ ಕಾಗದ ಶಾಯಿಯನ್ನು ಕೊಂಚ ಹೀರಿಕೊಂಡು ಅಕ್ಷರಕ್ಕೆ ಮೈ ಕೊಡುತ್ತದೆ. ನುಣುಪು ಕಾಗದದ ಮೇಲೆ ಅದೇ ಫಾಂಟ್ ಬಡಕಲಾಗಿ ಕಾಣುತ್ತದೆ. ಒಂದೇ ಗ್ಯಾರಮಂಡ್ ಒಂದು ಪುಸ್ತಕದಲ್ಲಿ ಸೊಗಸೆನಿಸಿ ಇನ್ನೊಂದರಲ್ಲಿ ನಿರಾಸೆ ತರುವುದಕ್ಕೆ ಕಾಗದವೇ ಹೆಚ್ಚು ಸಲ ಕಾರಣ.

ಪರದೆಯ ಮೇಲೆ ಓದಲು ಹೊಂದುತ್ತದೆಯೇ?

ಹಳೆಯ ಪರದೆಗಳಲ್ಲಿ ಹೊಂದುತ್ತಿರಲಿಲ್ಲ. ‘ಇ’ ಅಕ್ಷರದ ಕಣ್ಣು ಮುಚ್ಚಿಹೋಗುತ್ತಿತ್ತು. ಚುಕ್ಕಿಗಳ ಸಾಂದ್ರತೆ ಹೆಚ್ಚಿರುವ ಇಂದಿನ ಪರದೆಗಳಲ್ಲಿ ಓದಬಹುದು, ಆದರೆ ಇತರ ಫಾಂಟುಗಳಿಗೆ ಇಡುವುದಕ್ಕಿಂತ ಎರಡು ಮೂರು ಪಿಕ್ಸೆಲ್ ದೊಡ್ಡದಾಗಿ ಇಡಬೇಕು, ಬಣ್ಣ ಮಾಸಲಾಗಿರಬಾರದು.

ಗ್ಯಾರಮಂಡ್ ಬಳಸಿದರೆ ಶಾಯಿ ಉಳಿಯುತ್ತದೆ ಎಂದು ಓದಿದ್ದೆ. ನಿಜವೇ?

2014ರಲ್ಲಿ ಅಮೆರಿಕದ ವಿದ್ಯಾರ್ಥಿಯೊಬ್ಬನ ಲೆಕ್ಕಾಚಾರದಿಂದ ಈ ಸುದ್ದಿ ಹಬ್ಬಿತು: ಸರ್ಕಾರ ತನ್ನ ದಾಖಲೆಗಳನ್ನೆಲ್ಲ ಗ್ಯಾರಮಂಡಿಗೆ ಬದಲಿಸಿದರೆ ಶಾಯಿಯ ವೆಚ್ಚ ಬಹಳ ತಗ್ಗುತ್ತದೆ ಎಂದು. ಅಕ್ಷರಶೈಲಿ ತಿಳಿದವರು ಆಗಲೇ ಅದರ ಕೊರತೆಯನ್ನು ತೋರಿಸಿದರು. ಒಂದೇ ಪಾಯಿಂಟಿನಲ್ಲಿ ಗ್ಯಾರಮಂಡ್ ಚಿಕ್ಕದಾಗಿರುವುದರಿಂದ ಶಾಯಿ ಕಡಿಮೆ ಹಿಡಿಯುತ್ತದೆ. ಟೈಮ್ಸ್ ನ್ಯೂ ರೋಮನ್ನನ್ನು ಅಷ್ಟೇ ಚಿಕ್ಕದು ಮಾಡಿದರೆ ಅದೂ ಉಳಿಸುತ್ತದೆ. ಕಣ್ಣಿಗೆ ಸಮನಾಗಿ ಕಾಣುವಂತೆ ಗ್ಯಾರಮಂಡನ್ನು ಹಿಗ್ಗಿಸಿದರೆ ಉಳಿತಾಯದ ಹೆಚ್ಚಿನ ಪಾಲು ಕರಗುತ್ತದೆ. ಬಾಲಕನ ಕುತೂಹಲ ಮೆಚ್ಚುವಂಥದ್ದು, ಆದರೆ ಅಕ್ಷರಶೈಲಿಯನ್ನು ಆರಿಸಲು ಇದು ಆಧಾರವಾಗಲಾರದು.

ಕನ್ನಡ ಮತ್ತು ಇಂಗ್ಲಿಷ್ ಒಂದೇ ಪುಟದಲ್ಲಿದ್ದರೆ ಗ್ಯಾರಮಂಡ್ ಬಳಸಬಹುದೇ?

ಬಳಸಬಹುದು, ಒಂದೇ ಪಾಯಿಂಟಿನಲ್ಲಿ ಅಲ್ಲ. ಮೇಲೆ ಹೇಳಿದ ಯಾವ ಫಾಂಟಿನಲ್ಲೂ ಕನ್ನಡ ಅಕ್ಷರಗಳಿಲ್ಲ, ಆದ್ದರಿಂದ ಕನ್ನಡಕ್ಕೆ ಬೇರೆ ಫಾಂಟ್ ಜೊತೆಯಾಗಲೇಬೇಕು. ಕನ್ನಡದಲ್ಲಿ ದೊಡ್ಡಕ್ಷರ ಸಣ್ಣಕ್ಷರಗಳ ಭೇದವಿಲ್ಲ. ಅಕ್ಷರದ ಮುಖ್ಯ ಒಡಲು ದುಂಡಗೆ ತುಂಬಿಕೊಂಡಿರುತ್ತದೆ, ಅದರ ಪಕ್ಕದಲ್ಲಿ ಗ್ಯಾರಮಂಡಿನ ಸಣ್ಣಕ್ಷರಗಳು ಕುಗ್ಗಿದಂತೆ ಕಾಣುತ್ತವೆ. ಕನ್ನಡದ ಒಡಲಿನ ಎತ್ತರಕ್ಕೂ ಇಂಗ್ಲಿಷಿನ ಎಕ್ಸ್-ಎತ್ತರಕ್ಕೂ ಹೊಂದಿಕೆ ಬರುವವರೆಗೆ ಇಂಗ್ಲಿಷನ್ನು ಹಿಗ್ಗಿಸಿ. ದಪ್ಪ-ತೆಳು ವ್ಯತ್ಯಾಸ ಮಿತವಾಗಿರುವ, ಗೆರೆ ಹಗುರವಾಗಿರುವ ಕನ್ನಡ ಫಾಂಟನ್ನು ಆರಿಸಿದರೆ ಪುಟದ ಛಾಯೆ ಒಂದೇ ಸಮನಾಗಿರುತ್ತದೆ. ಒತ್ತಕ್ಷರಗಳಿಗೆ ಹೇಗೂ ಸಾಲಂತರ ಹೆಚ್ಚು ಬೇಕು, ಗ್ಯಾರಮಂಡಿನ ಉದ್ದನೆಯ ಗೆರೆಗಳಿಗೂ ಅದರಿಂದ ಅನುಕೂಲವೇ.

## ಸೂಕ್ಷ್ಮ ವಿಚಾರಗಳು

ಲಿಗೇಚರುಗಳು ಬೇಕೇ ಬೇಕೇ?

‘ಎಫ್’ ಅಕ್ಷರದ ತಲೆ ಮುಂದಕ್ಕೆ ಬಾಗಿರುವುದರಿಂದ, ಅದರ ಬಳಿಕ ‘ಐ’ ಬಂದರೆ ಚುಕ್ಕಿಗೆ, ‘ಎಲ್’ ಬಂದರೆ ಕಂಬಕ್ಕೆ ತಾಗುತ್ತದೆ. ಲೋಹದಲ್ಲಿ ಹೀಗೆ ತಾಗಿದರೆ ಮೊಳೆ ಮುರಿಯುತ್ತಿತ್ತು, ಹಾಗಾಗಿ ಎರಡನ್ನೂ ಒಂದೇ ಮೊಳೆಯಾಗಿ ಎರಕ ಹೊಯ್ಯುತ್ತಿದ್ದರು; ಈ ಜೋಡಿಯೇ ಲಿಗೇಚರ್. ಇಂದು ಮುರಿಯುವ ಭಯವಿಲ್ಲದಿದ್ದರೂ ತಾಗಾಟ ಕಣ್ಣಿಗೆ ಬೀಳುತ್ತದೆ, ಆದ್ದರಿಂದ ಈ ಸಾಮಾನ್ಯ ಜೋಡಿಗಳನ್ನು ಇರಿಸಿಕೊಳ್ಳಿ. ‘ಸಿ’ ಮತ್ತು ‘ಟಿ’ಗಳನ್ನು ಕಮಾನಿನಿಂದ ಕೂಡಿಸುವಂಥ ಅಲಂಕಾರದ ಜೋಡಿಗಳನ್ನು ಒಳಪುಟದಲ್ಲಿ ಬಿಟ್ಟುಬಿಡಿ. ಕಿರುದೊಡ್ಡಕ್ಷರಗಳ ಮಾತೂ ಇದೇ: ಫಾಂಟಿನಲ್ಲಿ ಬಿಡಿಸಿಟ್ಟ ನಿಜವಾದವು ಇದ್ದರೆ ಬಳಸಿ, ದೊಡ್ಡಕ್ಷರಗಳನ್ನೇ ಕುಗ್ಗಿಸಿದ ಹುಸಿ ರೂಪಗಳು ಸಾಲಿನಲ್ಲಿ ಸೊರಗಿ ನಿಲ್ಲುತ್ತವೆ.

ಗರಮೋಂನ ಪಂಚುಗಳು ಈಗಲೂ ಉಳಿದಿವೆಯೇ?

ಉಳಿದಿವೆ. ಅವನು ತೀರಿಕೊಂಡ ಮೇಲೆ ಅವನ ಸಾಮಗ್ರಿಗಳು ಮಾರಾಟವಾದಾಗ ಆಂಟ್ವರ್ಪಿನ ಮುದ್ರಕ ಕ್ರಿಸ್ಟೋಫ್ ಪ್ಲಾಂಟಿನ್ ಮತ್ತು ಪ್ಯಾರಿಸ್ಸಿನ ಗಿಯೋಮ್ ಲ ಬೆ ಬಹುಪಾಲನ್ನು ಕೊಂಡರು. ಪ್ಲಾಂಟಿನ್ ಕೊಂಡವು ಅವನ ವಂಶದವರ ಕೈಯಲ್ಲೇ ಶತಮಾನಗಳ ಕಾಲ ಸುರಕ್ಷಿತವಾಗಿದ್ದು, ಈಗ ಆಂಟ್ವರ್ಪಿನ ಪ್ಲಾಂಟಿನ್-ಮೊರೆಟಸ್ ಸಂಗ್ರಹಾಲಯದಲ್ಲಿವೆ. ಆ ಸಂಗ್ರಹಾಲಯ 2005ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ರಾಜನ ಗ್ರೀಕ್ ಅಕ್ಷರಗಳ ಪಂಚುಗಳು ಫ್ರಾನ್ಸಿನ ರಾಷ್ಟ್ರೀಯ ಮುದ್ರಣಾಲಯದ ಸಂಗ್ರಹದಲ್ಲಿವೆ. ಅಡೋಬಿಗಾಗಿ ಸ್ಲಿಂಬಾಕ್ ಕೆಲಸ ಮಾಡಿದಾಗ ಆಂಟ್ವರ್ಪಿನ ಸಾಮಗ್ರಿಯನ್ನೇ ಪರಿಶೀಲಿಸಿದ್ದರು.

ಫಾಂಟಿನಲ್ಲಿ ‘ಕ್ಯಾಪ್ಷನ್’, ‘ಡಿಸ್ಪ್ಲೇ’ ಎಂದು ಬೇರೆ ಬೇರೆ ಕಡತಗಳಿವೆ. ಎಲ್ಲವೂ ಬೇಕೇ?

ಇದು ಹಳೆಯ ಪದ್ಧತಿಯನ್ನು ಹೊಸ ತಂತ್ರದಲ್ಲಿ ಮರಳಿ ತರುವ ಯತ್ನ. ಲೋಹದ ಕಾಲದಲ್ಲಿ ಚಿಕ್ಕ ಗಾತ್ರದ ಅಕ್ಷರಗಳನ್ನು ತುಸು ಅಗಲವಾಗಿ, ದಪ್ಪವಾಗಿ, ನಡುವೆ ಹೆಚ್ಚು ಜಾಗ ಬಿಟ್ಟು ಕೊರೆಯುತ್ತಿದ್ದರು. ದೊಡ್ಡ ಗಾತ್ರಗಳಿಗೆ ಗೆರೆ ನವಿರು, ಅಂತರ ಬಿಗಿ. 20ನೇ ಶತಮಾನದಲ್ಲಿ ಒಂದೇ ಮೂಲಚಿತ್ರವನ್ನು ಎಲ್ಲ ಗಾತ್ರಗಳಿಗೂ ಹಿಗ್ಗಿಸುವ ರೂಢಿ ಬಂದಾಗ ಈ ವಿವೇಕ ಕಳೆದುಹೋಯಿತು. ಪುಸ್ತಕದ ಗಾತ್ರಕ್ಕೆ ಬಿಡಿಸಿದ ಅಕ್ಷರ ಮುಖಪುಟದಲ್ಲಿ ಒರಟಾಗಿಯೂ, ಮುಖಪುಟಕ್ಕೆ ಬಿಡಿಸಿದ್ದು ಅಡಿಟಿಪ್ಪಣಿಯಲ್ಲಿ ಮಾಯವಾಗುವಂತೆಯೂ ಕಾಣುವುದು ಇದರಿಂದಲೇ. ಗ್ಯಾರಮಂಡ್ ಪ್ರೀಮಿಯರಿನಲ್ಲಿ ಅಡಿಬರಹ, ಒಳಪುಟ, ಉಪಶೀರ್ಷಿಕೆ, ಶೀರ್ಷಿಕೆ ಎಂಬ ನಾಲ್ಕು ರೂಪಗಳಿವೆ. ಬರೀ ಕಾದಂಬರಿಗಾದರೆ ಒಳಪುಟದ ರೂಪವೊಂದೇ ಸಾಕು. ಟಿಪ್ಪಣಿಗಳು ಹೆಚ್ಚಿರುವ ವಿದ್ವತ್ ಗ್ರಂಥಕ್ಕೆ ಅಡಿಬರಹದ ರೂಪವನ್ನು ಖಂಡಿತ ಸೇರಿಸಿಕೊಳ್ಳಿ. ಆ ಪುಟಗಳಲ್ಲಿ ಅದರ ಪ್ರಯೋಜನ ಮೊದಲ ಕರಡಿನಲ್ಲೇ ತಿಳಿಯುತ್ತದೆ.

ನಾನೇ ಒಂದು ಗ್ಯಾರಮಂಡ್ ರೂಪಿಸಬಹುದೇ?

ರೂಪಿಸಬಹುದು. 16ನೇ ಶತಮಾನದ ಅಕ್ಷರರೂಪ ಯಾರೊಬ್ಬರ ಸ್ವತ್ತೂ ಅಲ್ಲ. ಆದರೆ ಇನ್ನೊಬ್ಬರ ಡಿಜಿಟಲ್ ಕಡತವನ್ನು ತೆರೆದು ಅದರ ರೇಖೆಗಳನ್ನು ತಿದ್ದಿ ಹೊಸ ಹೆಸರಿಡುವುದಕ್ಕೆ, ಪರವಾನಗಿ ಅನುಮತಿಸದ ಹೊರತು, ಅವಕಾಶವಿಲ್ಲ. ಮುಕ್ತ ಪರವಾನಗಿಯ ಫಾಂಟುಗಳಲ್ಲಿ ಅನುಮತಿ ಇದ್ದರೂ ಬದಲಿಸಿದ ರೂಪವನ್ನು ಅದೇ ಪರವಾನಗಿಯಲ್ಲಿ ಹಂಚಬೇಕು, ಕಾಯ್ದಿರಿಸಿದ ಹೆಸರಿದ್ದರೆ ಅದನ್ನು ಬಳಸಬಾರದು. ಕೆಲಸ ಆರಂಭಿಸುವವರು ಈಗಿರುವ ಫಾಂಟುಗಳನ್ನು ನೋಡಿ ಬಿಡಿಸದೆ, ಗರಮೋಂನ ಕಾಲದ ಪುಟಗಳ ಸ್ಪಷ್ಟ ಛಾಯಾಚಿತ್ರಗಳನ್ನು ಎದುರಿಗಿಟ್ಟುಕೊಳ್ಳಲಿ. ಒಂದೇ ಗಾತ್ರವನ್ನು ಆರಿಸಿ, ಒಂದೇ ಅಕ್ಷರದ ಹತ್ತಾರು ಅಚ್ಚುಗಳನ್ನು ಹೋಲಿಸಿದರೆ, ಯಾವುದು ಶಾಯಿಯ ಹರಡು, ಯಾವುದು ಸವೆದ ಮೊಳೆ, ಯಾವುದು ಕೊರೆದವನ ಉದ್ದೇಶ ಎಂಬುದು ನಿಧಾನವಾಗಿ ಬೇರ್ಪಡುತ್ತದೆ. ‘ಎನ್’, ‘ಓ’, ‘ಎ’, ‘ಇ’ ಈ ನಾಲ್ಕು ಸಣ್ಣಕ್ಷರಗಳು ಮತ್ತು ಅವುಗಳ ನಡುವಿನ ಅಂತರ ಸರಿಹೊಂದುವ ಮೊದಲು ಐದನೆಯದಕ್ಕೆ ಕೈಹಾಕಬೇಡಿ.